ಬಾಯಿ ತೆರೆಸುವ ಶಿಬಿರ ನಡೆಸುವುದು ಹೇಗೆ?

ಜುಲೈ 27 ವಿಶ್ವ ತಲೆ ಮತ್ತು ಕುತ್ತಿಗೆ ಕ್ಯಾನ್ಸರ್ ದಿನ. ಇಂಥ ದಿನಗಳಿಗೆಂದು ನಮ್ಮ ಉತ್ತರ ಕನ್ನಡದ ಊರುಗಳಲ್ಲಿ ನಡೆಯುವ ಜಾಗೃತಿ ಕಾರ್ಯಕ್ರಮದ ಸ್ವರೂಪ ಎಲ್ಲರಿಗೂ ಗೊತ್ತು. ಪ್ರಾರ್ಥನೆ, ಸ್ವಾಗತ, ದೀಪ, ಅಧ್ಯಕ್ಷರ ಎರಡು ಮಾತು ಎಂಬ ನಲವತ್ತು ನಿಮಿಷ. ಎದುರಿಗೆ ಸಾಲಾಗಿ ಕುಳಿತ ಕಾಲೇಜು ಮಕ್ಕಳು. ಹೊಗೆಸೊಪ್ಪು ಜಗಿಯುವ ಮೀನುಗಾರ ಬಂದರಿನಲ್ಲೇ ಇರುತ್ತಾನೆ, ಪಾನ್ ಮಸಾಲಾ ಹಾಕುವ ಟೆಂಪೊ ಚಾಲಕ ಹೊರಗೆ ಟೆಂಪೊದಲ್ಲೇ ಕುಳಿತಿರುತ್ತಾನೆ. ಕೊನೆಗೆ ವಂದನಾರ್ಪಣೆ. ಒಬ್ಬರ ಬಾಯಿಯನ್ನೂ ಯಾರೂ ನೋಡಿರುವುದಿಲ್ಲ.

ನೋಡಬೇಕಾದದ್ದು ಬಾಯಿಯನ್ನೇ. ಕೇರಳದ ತಿರುವನಂತಪುರ ಜಿಲ್ಲೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಬರಿಗಣ್ಣಿನಿಂದ ಬಾಯಿ ಪರೀಕ್ಷಿಸಿದ್ದರಿಂದಲೇ ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಮೂರನೇ ಒಂದರಷ್ಟು ತಗ್ಗಿತ್ತು. ಅಲ್ಲಿ ಮನೆ ಮನೆಗೆ ಹೋಗಿ ಬಾಯಿ ನೋಡಿದವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು. ಆದ್ದರಿಂದ ಮಂಗಳೂರಿನಿಂದ ದೊಡ್ಡ ಡಾಕ್ಟರ್ ಬರಲಿ ಎಂದು ಕಾಯುವ ಅಗತ್ಯವಿಲ್ಲ.

ಮೊದಲು ದಿನ, ಜಾಗ. ಕರಾವಳಿಯವರಿಗೆ ಜೂನ್, ಜುಲೈ ಹೇಳಿ ಮಾಡಿಸಿದ ತಿಂಗಳುಗಳು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಬೈತಖೋಲ, ತದಡಿ, ಹೊನ್ನಾವರ, ಎಲ್ಲಿ ನೋಡಿದರೂ ಗಂಡಸರು ಶೆಡ್ಡಿನಲ್ಲಿ ಕುಳಿತು ಬಲೆ ಹೆಣೆಯುತ್ತಿರುತ್ತಾರೆ. ಅವರನ್ನು ಸಭಾಭವನಕ್ಕೆ ಕರೆಯಬೇಡಿ, ನೀವೇ ಶೆಡ್ಡಿಗೆ ಹೋಗಿ. ಘಟ್ಟದ ಮೇಲಿನ ಶಿರಸಿ, ಸಿದ್ದಾಪುರದ ಲೆಕ್ಕವೇ ಬೇರೆ. ಜುಲೈನಲ್ಲಿ ಅಲ್ಲಿ ಗದ್ದೆ ನಾಟಿ, ಜೊತೆಗೆ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಗಡಿಬಿಡಿ. ಮಳೆ ಬಿಟ್ಟ ನಾಲ್ಕು ತಾಸನ್ನು ಯಾರೂ ನಿಮಗೆ ಕೊಡುವುದಿಲ್ಲ. ಅಲ್ಲಿನವರು ಸೊಸೈಟಿಯ ವಾರ್ಷಿಕ ಸಭೆಯ ದಿನಕ್ಕೆ ಶಿಬಿರವನ್ನು ಜೋಡಿಸಿಕೊಳ್ಳಲಿ. ಮಾರಿಕಾಂಬಾ ಜಾತ್ರೆಯಲ್ಲಿ ಮಳಿಗೆ ಹಾಕೋಣ ಎಂದು ಪ್ರತಿ ಸಲವೂ ಯಾರಾದರೂ ಹೇಳುತ್ತಾರೆ. ಬೇಡ. ಆ ಗದ್ದಲದಲ್ಲಿ ಕರಪತ್ರ ಹಂಚಬಹುದೇ ಹೊರತು ಯಾರೂ ಬಾಯಿ ತೆರೆಯುವುದಿಲ್ಲ.

ಅನುಮತಿ, ವೈದ್ಯರು. ತಾಲ್ಲೂಕು ಆರೋಗ್ಯಾಧಿಕಾರಿಗೆ ಮೂರು ವಾರ ಮೊದಲೇ ಒಂದು ಪತ್ರ ಕೊಡಿ. ತಾಲ್ಲೂಕು ಆಸ್ಪತ್ರೆಯ ದಂತವೈದ್ಯರು ಮತ್ತು ಇಬ್ಬರು ಸಮುದಾಯ ಆರೋಗ್ಯ ಅಧಿಕಾರಿಗಳು ಬಂದರೆ ಸಾಕು. ಮೂವತ್ತು ದಾಟಿದವರ ಬಾಯಿ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ನೀವು ಕೇಳುತ್ತಿರುವುದು ಉಪಕಾರವಲ್ಲ.

ಪ್ರಚಾರ. ಕೊಳೆತ ದವಡೆಯ ಚಿತ್ರ ಬೇಡವೇ ಬೇಡ. ತಂಬಾಕಿನ ಪೊಟ್ಟಣದ ಶೇ 85ರಷ್ಟು ಜಾಗದಲ್ಲಿ ಅದೇ ಬಗೆಯ ಚಿತ್ರವಿದ್ದರೂ ಹರಿದು ಬಾಯಿಗೆ ಸುರಿದುಕೊಳ್ಳುವವನನ್ನು ನಿಮ್ಮ ಬ್ಯಾನರ್ ಹೆದರಿಸುವುದಿಲ್ಲ. ಹೆದರುವವರು ಬೇರೆ, ಬಾಯಲ್ಲಿ ಈಗಾಗಲೇ ಹುಣ್ಣಾಗಿರುವವರು ಆ ಚಿತ್ರ ನೋಡಿ ಮನೆಯೊಳಗೆ ಸೇರಿಕೊಳ್ಳುತ್ತಾರೆ. ‘ಬಾಯಿ, ಗಂಟಲಿನ ಉಚಿತ ತಪಾಸಣೆ’ ಎಂದು ದೊಡ್ಡದಾಗಿ ಬರೆಸಿ, ಕ್ಯಾನ್ಸರ್ ಎಂಬುದು ಎರಡನೆಯ ಸಾಲಿನಲ್ಲಿರಲಿ. ಫ್ಲೆಕ್ಸ್‌ಗೆ ಹಣ ಸುರಿಯಬೇಡಿ, ಆಷಾಢದ ಗಾಳಿಗೆ ಅದು ಎರಡು ದಿನವೂ ನಿಲ್ಲುವುದಿಲ್ಲ. ಆಟೊದಲ್ಲಿ ಮೈಕ್ ಕಟ್ಟಿಸಿ. ಕಾರವಾರದ ಬಂದರು ಕೇರಿಗಳಲ್ಲಿ ಕೊಂಕಣಿಯಲ್ಲೇ ಕೂಗಿಸಿ; ಅಲ್ಲಿ ಪುಸ್ತಕದ ಕನ್ನಡದ ಘೋಷಣೆ ಸರ್ಕಾರಿ ನೋಟಿಸಿನಂತೆ ಕೇಳಿಸುತ್ತದೆ.

ಪ್ರಾಯೋಜಕರ ಬಗ್ಗೆ ಒಂದು ಮಾತು. ‘ಬಾಯಿಯ ವಿಷ ತೆಗೆಯುವ’ ಪುಡಿ, ‘ಗಿಡಮೂಲಿಕೆ ಗುಟ್ಕಾ’ ಮಾರುವವರು ಮೇಜು ಹಾಕಲು ಜಾಗ ಕೇಳಿಕೊಂಡು ಬರುತ್ತಾರೆ. ಶಾಮಿಯಾನದ ಬಾಡಿಗೆ ಅವರೇ ಕೊಡುತ್ತೇವೆಂದರೂ ಒಪ್ಪಬೇಡಿ. ತಂಬಾಕು ಇಲ್ಲ ಎಂದು ಬರೆದ ಪಾನ್ ಮಸಾಲಾವೂ ಅದೇ ಸಾಲಿಗೆ ಸೇರುತ್ತದೆ. 2013ರಲ್ಲಿ ರಾಜ್ಯದಲ್ಲಿ ಗುಟ್ಕಾ ನಿಷೇಧವಾದ ಮೇಲೆ ಮಸಾಲಾ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ ಆಯಿತು. ಬೆರೆಸುವ ಕೆಲಸ ಗಿರಾಕಿಯದು, ಅಷ್ಟೇ ವ್ಯತ್ಯಾಸ.

ತಪಾಸಣೆಯ ಮೂಲೆ. ಹೆಚ್ಚಿನವರು ಎಡವುವುದು ಇಲ್ಲಿ. ವೇದಿಕೆಯ ಪಕ್ಕದಲ್ಲೇ ಕುರ್ಚಿ ಹಾಕಿ, ಎಲ್ಲರ ಎದುರು ಬಾಯಿ ತೆರೆಯಲು ಹೇಳಿದರೆ ಐವತ್ತು ದಾಟಿದ ಯಾವ ಗಂಡಸೂ ಬರುವುದಿಲ್ಲ, ಹೆಂಗಸರಂತೂ ದೂರವೇ ಉಳಿಯುತ್ತಾರೆ. ಎರಡು ಕಂಬಗಳಿಗೆ ಸೀರೆ ಕಟ್ಟಿ ಮರೆ ಮಾಡಿ. ಹೆಂಗಸರಿಗೆ ಬೇರೆಯೇ ಮರೆ ಇರಲಿ, ಒಳಗೆ ಮಹಿಳಾ ಸಿಬ್ಬಂದಿಯೇ ಇರಲಿ. ಮೀನು ಮಾರುವ ಹೆಂಗಸರಲ್ಲಿ ಹೊಗೆಸೊಪ್ಪು ಸೇರಿಸಿದ ಕವಳ, ಅಂದರೆ ಎಲೆಯಡಿಕೆ, ಹಾಕುವವರಿದ್ದಾರೆ. ಅವರನ್ನು ಕೇಳುವವರೇ ಇಲ್ಲ. ಮರೆಯ ಹತ್ತಿರ ಮೊಬೈಲ್ ಹಿಡಿದವರು ಯಾರೂ ಸುಳಿಯಬಾರದು, ಪತ್ರಿಕೆಯವರೂ ಸಹ.

ಬೇಕಾದ ಸಾಮಗ್ರಿ ಕಡಿಮೆ: ಕೈಗವಸು, ನಾಲಿಗೆ ಒತ್ತುವ ಮರದ ಕಡ್ಡಿ, ಗಾಜ್ ಬಟ್ಟೆ, ಬಾಯಿ ಮುಕ್ಕಳಿಸಲು ನೀರು ಮತ್ತು ಬಕೆಟ್, ತಲೆಗೆ ಕಟ್ಟಿಕೊಳ್ಳುವ ಬಿಳಿ ಬೆಳಕಿನ ಟಾರ್ಚ್. ಹಳದಿ ಬೆಳಕಿನ ಅಗ್ಗದ ಟಾರ್ಚ್ ತರಬೇಡಿ, ಅದರಲ್ಲಿ ಕೆಂಪು ಮಚ್ಚೆ ಕಾಣಿಸುವುದೇ ಇಲ್ಲ. ಬಿಳಿ ಮಚ್ಚೆಗಿಂತ ಹೆಚ್ಚು ಅಪಾಯದ್ದು ಆ ಕೆಂಪು ಮಚ್ಚೆಯೇ.

‘ತಂಬಾಕು ತಿನ್ನುತ್ತೀರಾ?’ ಎಂದು ಕೇಳಿದರೆ ‘ಇಲ್ಲ’ ಎಂಬುದೇ ಉತ್ತರ. ‘ಕವಳಕ್ಕೆ ಏನೇನು ಹಾಕುತ್ತೀರಿ? ಯಾವ ಕಡೆ ಇಟ್ಟುಕೊಳ್ಳುತ್ತೀರಿ?’ ಎಂದು ಕೇಳಿ. ಎಲೆ, ಸುಣ್ಣ, ಅಡಿಕೆ ಎಂದು ಎಣಿಸುತ್ತಾ ಕೊನೆಗೆ ‘ಚೂರು ಹೊಗೆಸೊಪ್ಪು’ ಎಂದು ತಾನಾಗಿಯೇ ಬರುತ್ತದೆ, ಬೆರಳು ಕೂಡ ಎಡಗೆನ್ನೆ ತೋರಿಸುತ್ತದೆ. ಬಾಯಿ ಮುಕ್ಕಳಿಸಲು ಹೇಳಿ, ಹಲ್ಲಿನ ಸೆಟ್ ಇದ್ದರೆ ತೆಗೆಸಿ. ಕೆನ್ನೆಗೂ ಒಸಡಿಗೂ ನಡುವಿನ ಸಂದನ್ನು ಕಡ್ಡಿಯಿಂದ ಬಿಡಿಸಿ ನೋಡಬೇಕು, ಕವಳ ಕೂರುವುದೇ ಅಲ್ಲಿ. ನಾಲಿಗೆಯ ತುದಿಯನ್ನು ಗಾಜ್‌ನಲ್ಲಿ ಹಿಡಿದು ಎರಡೂ ಅಂಚುಗಳನ್ನು, ಆಮೇಲೆ ನಾಲಿಗೆಯ ಅಡಿಯನ್ನು ನೋಡಬೇಕು. ತನ್ನದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ಜೋಡಿಸಿ ಮುಂದಿನ ಹಲ್ಲುಗಳ ನಡುವೆ ತೂರಿಸಲು ಹೇಳಿ. ತೂರದಿದ್ದರೆ ಅಡಿಕೆಯಿಂದ ಕೆನ್ನೆಯ ಒಳಪದರ ಬಿಗಿದಿರಬಹುದು. ಕೊನೆಯಲ್ಲಿ ಕುತ್ತಿಗೆ ಮುಟ್ಟಿ ಗಂಟಿದೆಯೇ ನೋಡಬೇಕು. ಮೂರು ವಾರವಾದರೂ ಮಾಯದ ಹುಣ್ಣು, ಬದಲಾದ ದನಿ, ನುಂಗಲು ಕಷ್ಟ, ಒಂದೇ ಕಿವಿಯ ನೋವು, ಇವನ್ನು ಬಾಯಿಬಿಟ್ಟು ಕೇಳಬೇಕು. ಒಬ್ಬರಿಗೆ ಐದು ನಿಮಿಷ ಬೇಕು. ಗಂಟೆಗೆ ನಲವತ್ತು ಜನರನ್ನು ನೋಡಿದೆವು ಎನ್ನುವ ಶಿಬಿರದಲ್ಲಿ ಯಾರನ್ನೂ ನೋಡಿರುವುದಿಲ್ಲ.

ಘಟ್ಟದ ಮೇಲಿನ ಸಂಘಟಕರು ಇಲ್ಲಿ ತಡವರಿಸುತ್ತಾರೆ. ಅಡಿಕೆಯೇ ಅನ್ನ ಕೊಡುವ ಊರಿನಲ್ಲಿ ಅಡಿಕೆಯ ಬಗ್ಗೆ ಏನು ಹೇಳುವುದು? ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕವೆಂದು ಖಚಿತವಾದವುಗಳ ಮೊದಲ ಗುಂಪಿಗೆ ಸೇರಿಸಿದೆ. ಅದನ್ನು ಒಮ್ಮೆ ನೇರವಾಗಿ ಹೇಳಿ ಮುಂದೆ ಹೋಗಿ, ಬೆಲೆಯ ಚರ್ಚೆಗೆ ಇಳಿಯಬೇಡಿ. ಮತ್ತೆ, ಅತಿಥಿಗಳ ಮುಂದೆ ಕವಳದ ತಟ್ಟೆ ಇಡುವ ಪದ್ಧತಿಯನ್ನು ಆ ಒಂದು ದಿನವಾದರೂ ಕೈಬಿಡಿ.

ಚೀಟಿ. ಬಾಯಿ ನೋಡಿದ್ದಕ್ಕಿಂತ ಕಷ್ಟದ ಕೆಲಸ ಇದು. ಮಚ್ಚೆ ಕಂಡವರ ಕೈಗೆ ‘ದೊಡ್ಡಾಸ್ಪತ್ರೆಗೆ ತೋರಿಸಿ’ ಎಂದು ಬರೆದ ಕಾಗದ ಕೊಟ್ಟರೆ ಅದು ಅಂಗಿಯ ಜೇಬಿನಲ್ಲೇ ಒಗೆತಕ್ಕೆ ಹೋಗುತ್ತದೆ. ಚೀಟಿ ಎರಡು ಪ್ರತಿ ಇರಲಿ. ಯಾವ ಆಸ್ಪತ್ರೆ, ಯಾವ ವಿಭಾಗ, ಯಾವ ದಿನ ಎಂದು ಬರೆಯಿರಿ: ಕಾರವಾರವಾದರೆ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಕಿವಿ-ಮೂಗು-ಗಂಟಲು ವಿಭಾಗ, ಶಿರಸಿಯಾದರೆ ಪಂಡಿತ ಸಾರ್ವಜನಿಕ ಆಸ್ಪತ್ರೆ. ಮಚ್ಚೆ ಕಂಡವರ ಫೋನ್ ಸಂಖ್ಯೆಯೊಂದೇ ಸಾಲದು, ಹೆಂಡತಿ ಅಥವಾ ಮಗಳ ಸಂಖ್ಯೆಯೂ ಬೇಕು. ಆ ಕೇರಿಯ ಆಶಾ ಕಾರ್ಯಕರ್ತೆಯ ಹೆಸರೂ ಅದರಲ್ಲಿರಲಿ. ಮೈಕ್‌ನಲ್ಲಿ ಮಾತ್ರ ಯಾರ ಹೆಸರನ್ನೂ ಕೂಗಬೇಡಿ.

ಆಮೇಲೆ ಬರುವ ಮಾತು ಖಚಿತ: ‘ಕತ್ತಿ ತಾಗಿಸಿದರೆ ಹರಡುತ್ತದಂತೆ.’ ಬಯಾಪ್ಸಿ (ಚೂರು ತೆಗೆದು ಪರೀಕ್ಷೆ) ಮಾಡಿಸಿದರೆ ಹರಡುವುದಿಲ್ಲ, ಬೇರಿನ ಔಷಧಿ ಎಂದು ಮೂರು ತಿಂಗಳು ಕಳೆದರೆ ಹರಡುತ್ತದೆ ಎಂದು ಸ್ವಯಂಸೇವಕರು ಹೇಳಲು ಕಲಿತಿರಬೇಕು. ಇದಕ್ಕಿಂತ ಚೆನ್ನಾಗಿ ಕೆಲಸ ಮಾಡುವುದು ಚಿಕಿತ್ಸೆ ಮುಗಿಸಿ ಬಂದ ಅದೇ ಊರಿನ ಒಬ್ಬರು, ಅವರು ಮನಸಾರೆ ಒಪ್ಪಿದ್ದರೆ. ಭಾಷಣ ಮಾಡಿಸಬೇಡಿ. ಚೀಟಿ ಸಿಕ್ಕವರ ಪಕ್ಕ ಕುಳಿತು, ಹೊಲಿಗೆಯ ಗೆರೆ ಇರುವ ಅದೇ ಬಾಯಿಯಲ್ಲಿ ಚಹಾ ಕುಡಿಯುತ್ತಾ ಮಾತಾಡಲಿ.

ಮುಂದಿನ ಚಿಕಿತ್ಸೆಗೆ ಹುಬ್ಬಳ್ಳಿಯ ದಾರಿಯೇ ಹೆಚ್ಚಿನವರದು. ಶಿರಸಿಯಿಂದ ಸುಮಾರು ನೂರು ಕಿಲೋಮೀಟರ್, ಕಾರವಾರದಿಂದ ಇನ್ನೂ ದೂರ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಆಧಾರ್, ಪಡಿತರ ಚೀಟಿ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಜೊತೆಗೆ ಒಯ್ಯಲು ಹೇಳಿ. ಉಳಿಸಿದ ಫ್ಲೆಕ್ಸಿನ ಹಣವನ್ನು ಜೀಪಿನ ಡೀಸೆಲ್‌ಗೆ ಹಾಕಿ, ಮೊದಲ ಸಲ ಒಬ್ಬ ಸ್ವಯಂಸೇವಕ ಜೊತೆಗೇ ಹೋಗಲಿ.

ಚಟ ಬಿಡಬೇಕೆನ್ನುವವರಿಗೆ 1800-11-2356 ಎಂಬ ಉಚಿತ ಸಹಾಯವಾಣಿಯನ್ನು ಚೀಟಿಯ ಹಿಂಬದಿಯಲ್ಲಿ ಅಚ್ಚು ಹಾಕಿಸಿ. ಚೀಟಿಯ ಎರಡನೆಯ ಪ್ರತಿಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಒಪ್ಪಿಸಿ, ಪಟ್ಟಿಯೊಂದನ್ನು ನೀವೂ ಇಟ್ಟುಕೊಂಡು ಹದಿನೈದು ದಿನಕ್ಕೆ ಒಂದು ಸಲ, ತಿಂಗಳಿಗೆ ಇನ್ನೊಂದು ಸಲ ಫೋನ್ ಮಾಡಿ. ಕರೆ ಎತ್ತದವರ ಮನೆಗೆ ಆಶಾ ಕಾರ್ಯಕರ್ತೆಯ ಜೊತೆ ನೀವೇ ಹೋಗಿ. ಕರಾವಳಿಯಲ್ಲಾದರೆ ಈ ಕೆಲಸ ಆಗಸ್ಟ್ 1ರೊಳಗೆ ಮುಗಿಯುವಂತೆ ಶಿಬಿರವನ್ನು ಜೂನ್ ಕೊನೆಗೇ ಎಳೆದುಕೊಳ್ಳುವುದು ಜಾಣತನ. ದೋಣಿ ಕಡಲಿಗಿಳಿದ ಮೇಲೆ ಯಾರೂ ಕೈಗೆ ಸಿಗುವುದಿಲ್ಲ.