ಕೂಸಿಗೆ ಏನೇನು ತರಬೇಕು, ಏನು ತರಬಾರ್ದು: ದಾವಣಗೆರೆಯ ಹೊಸ ಅಪ್ಪ-ಅಮ್ಮಂದಿರಿಗೆ

ಹುಟ್ಟೋಕ್ ಮುಂಚೆ ಕೂಸಿಗೆ ಏನೂ ತರಬ್ಯಾಡ್ರಿ ಅಂತ ನಮ್ ಕಡೆ ಹಿರೇರು ಹೇಳ್ತಾರಲ್ಲ, ಅವರ ಕಾರಣ ಬೇರೆ ಇದ್ರೂ ಮಾತು ಸರಿನೇ. ಯಾಕಂದ್ರೆ ಮೊದಲ ಮೂರು ತಿಂಗಳಿಗೆ ಬೇಕಾಗೋದು ಮೆತ್ತನೆ ಹತ್ತಿ ಬಟ್ಟೆ, ಹಳೇ ಪಂಚೆ ಇಲ್ಲ ಸೀರೆ ಹರಿದ ಲಂಗೋಟಿ, ಒಂದು ಸೊಳ್ಳೆ ಪರದೆ, ಒಂದು ಡಿಜಿಟಲ್ ಥರ್ಮಾಮೀಟರ್, ಅಷ್ಟೇ. ಕಾರಿದ್ರೆ ಕೂಸನ್ನ ಬೆಲ್ಟ್ ಹಾಕಿ ಕೂರಿಸೋ ಬೇಬಿ ಕಾರ್ ಸೀಟ್. ಉಳಿದಿದ್ದನ್ನ ನೆಂಟರೇ ತಂದು ಮನೆ ತುಂಬಿಸ್ತಾರೆ. ಚೌಕಿಪೇಟೆಗೆ ಹೋದ್ರೂ ಆನ್‌ಲೈನ್ ನೋಡಿದ್ರೂ ಒಂದು ಸೆಟ್ ಕಣ್ಣಿಗೆ ಬೀಳುತ್ತೆ, ಮೆತ್ತನೆ ಹಾಸಿಗೆ, ಸುತ್ತ ಲೋಡು, ನಡುವೆ ಗೊಂಬೆ ಆಕಾರದ ದಿಂಬು, ಮ್ಯಾಲೊಂದು ಸೊಳ್ಳೆ ಪರದೆ. ನೋಡೋಕೆ ಚಂದ, ಆದ್ರೆ ಅದ್ರಲ್ಲಿ ಸೊಳ್ಳೆ ಪರದೆ ಬಿಟ್ರೆ ಇನ್ಯಾವುದೂ ಕೂಸು ಮಲಗೋ ಜಾಗದಲ್ಲಿ ಇರಬಾರ್ದು.

ಮಲಗಿಸೋ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ಇದ್ರಲ್ಲೇ ಎಲ್ರಿಗೂ ಗೊಂದಲ ಜಾಸ್ತಿ. ಒಂದು ವರ್ಷದವರೆಗೂ ಅಂಗಾತನೇ ಮಲಗಿಸ್ಬೇಕು, ಬೋರಲೂ ಬ್ಯಾಡ, ಮಗ್ಗುಲಿಗೂ ಬ್ಯಾಡ. ಹಾಲು ಕಕ್ಕಿದ್ರೆ ಗಂಟಲಿಗೆ ಸಿಕ್ಕೊಳ್ಳುತ್ತೆ ಅಂತ ಹೆದರ್ತಾರೆ, ಆದ್ರೆ ಅಂಗಾತ ಮಲಗಿದಾಗ ಶ್ವಾಸನಾಳ ಅನ್ನನಾಳಕ್ಕಿಂತ ಮ್ಯಾಲೆ ಇರುತ್ತೆ, ಹಂಗಾಗಿ ಕಕ್ಕಿದ್ದು ಸುಲಭಕ್ಕೆ ಉಸಿರಿನ ದಾರಿಗೆ ಹೋಗಲ್ಲ. ಹಾಸಿಗೆ ಗಟ್ಟಿ ಇರ್ಬೇಕು, ಮಟ್ಟಸ ಇರ್ಬೇಕು, ಕೈಯಿಂದ ಒತ್ತಿದ್ರೆ ಕುಳಿ ಬೀಳಬಾರ್ದು. ತಲೆ ದುಂಡಗೆ ಆಗ್ಲಿ ಅಂತ ಸಾಸಿವೆ ದಿಂಬು ಕೊಡ್ತಾರಲ್ಲ, ಅದೂ ಬ್ಯಾಡ, ದಿನಕ್ಕೆ ನಾಲ್ಕು ಸಲ ಎಚ್ಚರ ಇದ್ದಾಗ ನೀವು ಎದುರಿಗೇ ಕೂತು ಹೊಟ್ಟೆ ಮ್ಯಾಲೆ ಆಡಿಸಿದ್ರೆ ತಲೆ ತಾನೇ ಸರಿಹೋಗುತ್ತೆ.

ಇನ್ನು ಸೀರೆ ಜೋಳಿಗೆ. ತೆಗೆದೇ ಹಾಕಿ ಅಂದ್ರೆ ಯಾವ ಅಜ್ಜಿನೂ ಕೇಳಲ್ಲ, ನಿಜ ಹೇಳ್ಬೇಕಂದ್ರೆ ಅಳೋ ಕೂಸನ್ನ ಸಮಾಧಾನ ಮಾಡೋಕೆ ಅದರಂಥದ್ದು ಇನ್ನೊಂದಿಲ್ಲ. ಆದ್ರೆ ಬಟ್ಟೆ ಬಾಗಿದಂಗೆ ಕೂಸಿನ ಗದ್ದ ಎದೆಗೆ ಅಂಟ್ಕೊಂಡು ಉಸಿರಿನ ದಾರಿ ಮುಚ್ಚೋ ಅಪಾಯ ಐತೆ, ಅದಕ್ಕೆ ತೂಗಿ ನಿದ್ದೆ ಹತ್ತಿದ ಮ್ಯಾಲೆ ಎತ್ತಿ ಮಟ್ಟಸ ಹಾಸಿಗೆಗೆ ಹಾಕ್ರಿ, ರಾತ್ರಿಯಿಡೀ ಅದ್ರಲ್ಲೇ ಬಿಡಬ್ಯಾಡ್ರಿ, ಕೂಸು ಮಗುಚೋಕೆ ಶುರು ಮಾಡಿದ ದಿನದಿಂದ ಜೋಳಿಗೆ ಬಂದ್. ಖಾಲಿ ಇದ್ದಾಗ ಸೀರೆ ಬಿಚ್ಚಿ ಮಡಚಿ ಇಡ್ರಿ, ಮನೇಲಿ ನಾಲ್ಕೈದು ವರ್ಷದ ಅಣ್ಣನೋ ಅಕ್ಕನೋ ಇದ್ರೆ ಅದಕ್ಕೆ ಜೋತುಬಿದ್ದು ಆಡುವಾಗ ಕುತ್ತಿಗೆಗೆ ಸುತ್ತಿಕೊಳ್ಳುತ್ತೆ. ಕುತ್ತಿಗೆಗೆ ಕಟ್ಟೋ ಕರಿದಾರಕ್ಕೂ ಇದೇ ಮಾತು. ದೃಷ್ಟಿ ಬೊಟ್ಟು ಪಾದಕ್ಕೆ ಇಡ್ರಿ, ಯಾರು ಬ್ಯಾಡ ಅಂತಾರೆ.

ನಮ್ಮ ಏಪ್ರಿಲ್ ಬಿಸಿಲಲ್ಲಿ ಕುಲಾಯಿ, ಸ್ವೆಟರ್, ಕಾಲುಚೀಲ, ಮ್ಯಾಲೊಂದು ಕೌದಿ! ಕೂಸಿನ ಕೈಕಾಲು ತಣ್ಣಗಿರೋದು ಮಾಮೂಲು, ಮುಟ್ಟಿ ನೋಡೋದಾದ್ರೆ ಎದೆ ಇಲ್ಲ ಕತ್ತಿನ ಹಿಂದೆ ಮುಟ್ರಿ, ಬೆವರಿದ್ರೆ ಒಂದು ಪದರ ಕಡಿಮೆ ಮಾಡ್ರಿ. ಫ್ಯಾನ್ ಹಾಕಬಹುದು.

ಗಾಡಿ ವಿಷಯ. ಹರಿಹರಕ್ಕೋ ಹೊನ್ನಾಳಿಗೋ ಸ್ಕೂಟಿ ಮ್ಯಾಲೆ ಕೂಸನ್ನ ಮಡಿಲಲ್ಲಿ ಇಟ್ಕೊಂಡು ಹೋಗೋದನ್ನ ದಿನಾ ನೋಡ್ತೀವಿ. 4 ವರ್ಷದೊಳಗಿನ ಮಕ್ಕಳನ್ನ ಬೈಕಲ್ಲಿ ಕರ್ಕೊಂಡು ಹೋದ್ರೆ ಸೇಫ್ಟಿ ಹಾರ್ನೆಸ್ (ಕೂಸನ್ನ ಗಾಡಿ ಓಡಿಸೋರಿಗೆ ಸೇರಿಸಿ ಕಟ್ಟೋ ಬೆಲ್ಟು) ಬೇಕು, 9 ತಿಂಗಳಾದ ಮ್ಯಾಲೆ ಹೆಲ್ಮೆಟ್ಟೂ ಬೇಕು, ಸ್ಪೀಡ್ ಗಂಟೆಗೆ 40 ಕಿಲೋಮೀಟರ್ ದಾಟಬಾರ್ದು ಅಂತ ಕೇಂದ್ರದ ರೂಲು 2023ರಿಂದನೇ ಐತೆ. ಇನ್ನೂ ಕತ್ತು ನಿಲ್ಲದ ಕೂಸನ್ನ ಬೈಕಲ್ಲಿ ಒಯ್ಯಲೇಬ್ಯಾಡ್ರಿ, ಬಸ್ಸಿಗೋ ಆಟೋಗೋ ಹೋಗ್ರಿ. ಕಾರಲ್ಲಿ ತಾಯಿ ತೊಡೆ ಮ್ಯಾಲೆ ಮುಂದಿನ ಸೀಟಲ್ಲಿ ಕೂರಿಸೋದು ಇನ್ನೂ ಕೆಟ್ಟದ್ದು, ಏರ್‌ಬ್ಯಾಗ್ ಬಿಚ್ಚಿದ್ರೆ ಅದೇ ಕೂಸಿಗೆ ಹೊಡೆಯುತ್ತೆ, ಹೈವೇ ಸ್ಪೀಡಲ್ಲಿ ಬ್ರೇಕ್ ಬಿದ್ರೆ ಯಾರ ಕೈಯಲ್ಲೂ ಹಿಡಿದಿಟ್ಕೊಳ್ಳೋಕೆ ಆಗಲ್ಲ. ಬೇಬಿ ಕಾರ್ ಸೀಟನ್ನ ಹಿಂದಿನ ಸೀಟಿಗೆ ಕಟ್ರಿ, ಕೂಸಿನ ಮುಖ ಗಾಡಿ ಹಿಂಭಾಗದ ಕಡೆ, ಬೇಬಿ ಸೀಟಿನ ಮ್ಯಾಲೆ ಬರೆದಿರೋ ತೂಕ, ಎತ್ತರ ದಾಟೋವರೆಗೂ ಹಂಗೇ. ಸೆಕೆಂಡ್ ಹ್ಯಾಂಡ್ ತೊಟ್ಲು ತಗೊಳ್ರಿ, ಬಟ್ಟೆ ತಗೊಳ್ರಿ, ಆದ್ರೆ ಆಕ್ಸಿಡೆಂಟ್ ಆಗಿರೋ ಗಾಡಿಯ ಕಾರ್ ಸೀಟ್ ಮಾತ್ರ ಪುಕ್ಕಟೆ ಕೊಟ್ರೂ ಬ್ಯಾಡ.

ವಾಕರ್? ಬ್ಯಾಡ. ನಡಿಗೆ ಬೇಗ ಬರಲ್ಲ, ಉಲ್ಟಾ ತಡ ಆಗಬಹುದು, ಮೆಟ್ಟಿಲು ಕಂಡ್ರೆ ಸೀದಾ ಉರುಳುತ್ತೆ. ಕೆನಡಾದಲ್ಲಿ 2004ರಿಂದ ಮಾರೋದೇ ನಿಷೇಧ. ಆಟಿಕೆಗೆ ನಮ್ಮಲ್ಲಿ 2021ರಿಂದ ಐಎಸ್‌ಐ ಮಾರ್ಕ್ ಕಡ್ಡಾಯ, ನೋಡಿ ತಗೊಳ್ರಿ. ಬಿಲ್ಲೆ ಥರದ ಸಣ್ಣ ಬ್ಯಾಟರಿ ಇರೋದಾದ್ರೆ ಅದರ ಮುಚ್ಚಳಕ್ಕೆ ಸ್ಕ್ರೂ ಇರ್ಬೇಕು, ನುಂಗಿದ್ರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುತ್ತೆ. ಊರೆಲ್ಲ ಮಂಡಕ್ಕಿ ತಿನ್ನೋ ನಾವು ಅಂಬೆಗಾಲಿಡೋ ಕೂಸಿನ ಎದುರು ಶೇಂಗಾ ಉದುರಿಸದೆ ತಿನ್ನೋದು ಕಲೀಬೇಕು ಅಷ್ಟೇ, ಶ್ವಾಸನಾಳಕ್ಕೆ ಹೋಗಿ ಕೂರೋ ಕಾಳು ಅದೇ.

ಹಾಲಿನ ಬಾಟಲಿನ ಬೇಬಿ ಶವರ್ ಉಡುಗೊರೆ ಲಿಸ್ಟಲ್ಲಿ ಮೊದಲು ಬರೀತಾರೆ. ಬಾಟಲಿ, ಹಾಲಿನ ಪುಡಿ ಎರಡರ ಜಾಹೀರಾತೂ ನಮ್ಮ ದೇಶದಲ್ಲಿ ಕಾನೂನಿಗೆ ವಿರುದ್ಧ, 1992ರಲ್ಲೇ ಆ ಕಾಯ್ದೆ ಬಂತು. ಆರು ತಿಂಗಳು ಎದೆಹಾಲು ಒಂದೇ ಸಾಕು, ಬೇಸಿಗೇಲೂ ನೀರು ಬ್ಯಾಡ. ಹಿಂಡಿದ ಹಾಲು ಕುಡಿಸ್ಬೇಕಾದ್ರೆ ಒಳಲೆ ಐತಲ್ಲ, ತೊಳೆದು ಕುದಿಸೋದು ಬಾಟಲಿಗಿಂತ ಎಷ್ಟೋ ಸುಲಭ. ಡಾಕ್ಟ್ರು ಪುಡಿ ಬರೆದುಕೊಟ್ರೆ ಡಬ್ಬಿ ಮ್ಯಾಲಿನ ಅಳತೆಯಂಗೇ ಕಲಸ್ರಿ, ಹೆಚ್ಚು ದಿನ ಬರ್ಲಿ ಅಂತ ನೀರು ಜಾಸ್ತಿ ಹಾಕಬ್ಯಾಡ್ರಿ. ಜೇನುತುಪ್ಪ ಒಂದು ವರ್ಷದವರೆಗೂ ನಾಲಿಗೆಗೆ ಸೋಕಿಸೋದೂ ಬ್ಯಾಡ, ಅದ್ರಲ್ಲಿ ಬಾಟುಲಿಸಂ ಅನ್ನೋ ಲಕ್ವದಂಥ ಕಾಯಿಲೆ ತರೋ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಬಜೆ ತೇಯ್ದು ನೆಕ್ಕಿಸೋದು, ಹೊಕ್ಕುಳಿಗೆ ಅರಿಶಿನ, ಮೂಗು ಕಿವಿಗೆ ಎಣ್ಣೆ, ಕಣ್ಣಿಗೆ ಕಾಡಿಗೆ, ಎರೆದ ಮ್ಯಾಲೆ ಲೋಬಾನದ ಹೊಗೆ, ಇವನ್ನೆಲ್ಲ ಬಿಡಿಸ್ಬೇಕು. ಹೊಕ್ಕುಳ ಒಣಗಿದಂಗೆ ಇದ್ರೆ ತಾನೇ ಉದುರುತ್ತೆ. ಬಾಣಂತನ ಮಾಡೋರ ಜೊತೆ ನೀವೇ ಜಗಳಕ್ಕೆ ನಿಲ್ಲಬ್ಯಾಡ್ರಿ, ಮನೆಗೆ ಬರೋ ಆಶಾ ಕಾರ್ಯಕರ್ತೆ ಕೈಯಲ್ಲಿ ಹೇಳಿಸ್ರಿ, ಸೊಸೆ ಮಾತಿಗಿಂತ ಅವರ ಮಾತು ನಡೆಯುತ್ತೆ. ಹೆರಿಗೆಯಾದ 42 ದಿನದೊಳಗೆ ಅವ್ರು ಹಲವು ಸಲ ಬರ್ತಾರೆ. ಎಣ್ಣೆ ಹಚ್ಚಿ ತಿಕ್ಕೋದು ಇರ್ಲಿ, ಮೆತ್ತಗೆ.

ಜ್ವರಕ್ಕೆ ಹಣೆ ಮುಟ್ಟಿ ಅಂದಾಜು ಮಾಡಬ್ಯಾಡ್ರಿ, ಕಂಕುಳಲ್ಲಿ ಥರ್ಮಾಮೀಟರ್ ಇಡ್ರಿ. ಮೂರು ತಿಂಗಳೊಳಗಿನ ಕೂಸಿಗೆ 100.4 ಫ್ಯಾರನ್‌ಹೀಟ್ ಮುಟ್ಟಿದ್ರೆ ಬೆಳಗಾಗ್ಲಿ ನೋಡೋಣ ಅನ್ನೋ ಮಾತಿಲ್ಲ. ಹಾಲು ಬಿಟ್ರೆ, ಎಬ್ಬಿಸಿದ್ರೂ ಏಳದಿದ್ರೆ, ಮೈ ತಣ್ಣಗಾದ್ರೆ, ಫಿಟ್ಸ್ ಬಂದ್ರೆ, ಅಂಗೈ ಅಂಗಾಲು ಹಳದಿ ಆದ್ರೆ, ಉಸಿರಾಡುವಾಗ ಪಕ್ಕೆ ಒಳಗೆ ಹೋದ್ರೆ, ಎರಡು ತಿಂಗಳೊಳಗೆ ನಿಮಿಷಕ್ಕೆ 60 ಸಲ ಇಲ್ಲ ಅದಕ್ಕಿಂತ ಜಾಸ್ತಿ ಉಸಿರಾಡಿದ್ರೆ ಆಗ್ಲೇ ಹೊರಡ್ರಿ, ಗಾಡಿ ಇಲ್ಲ ಅಂದ್ರೆ 108. ಬಾಪೂಜಿ ಮಕ್ಕಳ ಆಸ್ಪತ್ರೆ, ಚಿಗಟೇರಿ ಜಿಲ್ಲಾಸ್ಪತ್ರೆ ಎರಡೂ ಊರೊಳಗೇ ಅದಾವೆ. ತಾಯಿ ಕಾರ್ಡ್ ಜೊತೇಲೇ ಇರ್ಲಿ, ಯಾವ ಲಸಿಕೆ ಆಗೈತೆ ಅಂತ ಮೊದಲು ಅದನ್ನೇ ಕೇಳ್ತಾರೆ.

6, 10, 14 ವಾರದ ಲಸಿಕೆ ಆದ ಮ್ಯಾಲೆ ಜ್ವರ ಬರೋದು ಸಾಮಾನ್ಯ, ಅದಕ್ಕೆ ಪ್ಯಾರಾಸಿಟಮಾಲ್ ಎಷ್ಟು ಅಂತ ಲಸಿಕೆ ಹಾಕಿದ ಕಡೆನೇ ಕೂಸಿನ ತೂಕ ನೋಡಿ ಬರೆಸ್ಕೊಂಡು ಬರ್ರಿ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಎಂಜಿ ಇರುತ್ತೆ, ಸಿರಪ್‌ನಲ್ಲಿ 5 ಎಂಎಲ್‌ಗೆ 125 ಇಲ್ಲ 250. ಡ್ರಾಪ್ಸ್ ಅಳತೆ ಬೇರೆ, ಸಿರಪ್ ಅಳತೆ ಬೇರೆ, ಹಂಗಾಗಿ ಬಾಟಲಿ ಬದಲಾದ್ರೆ ಕೊಡೋಕ್ ಮುಂಚೆ ಫೋನ್ ಮಾಡಿ ಕೇಳ್ರಿ.