ಮಾಡ್ಯುಲರ್ ಅಡುಗೆಮನೆ: ಮುಂಗಡ ಕೊಡುವ ಮುನ್ನ, ಬಾಕಿ ತೀರಿಸುವ ಮುನ್ನ

ಮಾಡ್ಯುಲರ್ ಅಡುಗೆಮನೆಯನ್ನು ಒಂದೇ ಅಂಗಡಿಯಲ್ಲಿ ಕೊಂಡರೂ ಅದು ನಿಲ್ಲಬೇಕಾದರೆ ನಾಲ್ಕೈದು ಮಂದಿಯ ಕೈ ಸೇರಬೇಕು: ಕ್ಯಾಬಿನೆಟ್ ತಯಾರಿಸುವವರು, ಅವನ್ನು ಜೋಡಿಸುವ ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಕೌಂಟರ್ ಕಲ್ಲು ಕೂರಿಸುವವರು. ಒಬ್ಬರ ಕೆಲಸ ಮುಗಿದು ಇನ್ನೊಬ್ಬರದು ಶುರುವಾಗುವ ಕಡೆಯಲ್ಲೇ ಹೆಚ್ಚಿನ ತಕರಾರುಗಳು ಹುಟ್ಟುತ್ತವೆ. ಸಿಂಕಿಗಾಗಿ ಕಲ್ಲು ಕೊರೆಯುವವರು ಯಾರು, ಚಿಮಣಿಯ ಕೊಳವೆಗೆ ಗೋಡೆಯಲ್ಲಿ ತೂತು ಮಾಡುವವರು ಯಾರು, ಹಳೆಯದನ್ನು ಕಿತ್ತು ಸಾಗಿಸುವ ಖರ್ಚು ಯಾರದು ಎಂಬುದನ್ನೆಲ್ಲ ಮುಂಗಡ ಕೊಡುವ ಮೊದಲೇ ಬರಹದಲ್ಲಿ ಪಡೆದುಕೊಳ್ಳಬೇಕು. ‘ಅದೆಲ್ಲ ಆಮೇಲೆ ನೋಡಿಕೊಳ್ಳೋಣ ಬಿಡಿ’ ಎಂಬುದನ್ನು ಉತ್ತರವೆಂದು ಎಣಿಸಬಾರದು.

ಕೋಟೇಶನ್‌ಗಳನ್ನು ಹೋಲಿಸಬೇಕಾದರೆ ಎಲ್ಲರಿಗೂ ಒಂದೇ ನಕ್ಷೆ, ಒಂದೇ ಪಟ್ಟಿ ಕೊಡಬೇಕು. ಚದರ ಅಳತೆಗೆ ಇಷ್ಟು ಎಂದು ಸಾರಾಸಗಟಾಗಿ ಹೇಳುವ ದರದಲ್ಲಿ ಡ್ರಾಯರುಗಳು, ಬುಟ್ಟಿಗಳು, ಹಿಡಿಕೆಗಳು ಸೇರಿವೆಯೇ ಇಲ್ಲವೇ ಎಂಬುದು ತಿಳಿಯುವುದೇ ಇಲ್ಲ. ಆದ್ದರಿಂದ ಕ್ಯಾಬಿನೆಟ್ಟಿಗೊಂದು ಸಾಲಿನಂತೆ ವಿವರ ಕೇಳಬೇಕು. ಒಡಲಿಗೆ, ಅಂದರೆ ಬಾಗಿಲು ಬಿಟ್ಟು ಉಳಿದ ಪೆಟ್ಟಿಗೆಗೆ, ಪ್ಲೈವುಡ್ಡೋ, ಮರದ ಚೂರುಗಳನ್ನು ಅಂಟಿನಿಂದ ಒತ್ತಿ ಮಾಡಿದ ಪಾರ್ಟಿಕಲ್ ಬೋರ್ಡೋ, ಅದರ ದಪ್ಪ 16 ಮಿ.ಮೀ.ಯೋ 18 ಮಿ.ಮೀ.ಯೋ, ಸಿಂಕಿನ ಕೆಳಗಿನ ಪೆಟ್ಟಿಗೆಗೆ ನೀರು ತಡೆಯುವ ದರ್ಜೆಯ ಹಲಗೆಯೇ, ಬಾಗಿಲು ತಿರುಗುವ ಹಿಂಜು ಮತ್ತು ಡ್ರಾಯರು ಜಾರುವ ಚಾನೆಲ್‌ಗಳು ಯಾವ ಕಂಪನಿಯವು ಎಂಬುದೆಲ್ಲ ಕಾಗದದ ಮೇಲಿರಬೇಕು. ಷೋರೂಮಿನ ಮಾದರಿಯಲ್ಲಿ ಮೆತ್ತಗೆ ಮುಚ್ಚಿಕೊಂಡ ಡ್ರಾಯರೇ ಮನೆಗೂ ಬರುತ್ತದೆಂದು ನಂಬಲು ಕಾರಣವಿಲ್ಲ. ಆರಿಸಿದ ಲ್ಯಾಮಿನೇಟಿನ (ಹಲಗೆಯ ಮೇಲೆ ಅಂಟಿಸುವ ಬಣ್ಣದ ಹಾಳೆಯ) ಒಂದು ತುಂಡಿನ ಹಿಂಬದಿಗೆ ಇಬ್ಬರೂ ಸಹಿ ಹಾಕಿ ಇಟ್ಟುಕೊಂಡರೆ ಮುಂದೆ ಬಣ್ಣದ ವಾದಕ್ಕೆ ಎಡೆಯಿರುವುದಿಲ್ಲ.

ಅಳತೆಯ ವಿಷಯದಲ್ಲಿ ಮಾತ್ರ ಅವಸರ ಕೂಡದು. ಕೊಳ್ಳುವವರು ಕೊಟ್ಟ ಅಳತೆಯ ಮೇಲೆ ತಯಾರಾದ ಕ್ಯಾಬಿನೆಟ್ ಗೋಡೆಗೆ ಹೊಂದದಿದ್ದರೆ ನಷ್ಟವೂ ಕೊಳ್ಳುವವರದೇ ಆಗಿಬಿಡುತ್ತದೆ. ಆದ್ದರಿಂದ ಕೊನೆಯ ಅಳತೆಯನ್ನು ಮಾರುವವರೇ ಬಂದು, ಗಾರೆ ಮತ್ತು ನೆಲದ ಕೆಲಸ ಮುಗಿದ ಮೇಲೆ, ತೆಗೆದುಕೊಳ್ಳಬೇಕೆಂಬ ಷರತ್ತು ಇರಲಿ. ಬಂದವರು ಗೋಡೆಯ ಉದ್ದವನ್ನು ನೆಲದ ಬಳಿ, ಕೌಂಟರಿನ ಮಟ್ಟದಲ್ಲಿ ಮತ್ತು ಮೇಲೆ, ಹೀಗೆ ಮೂರು ಕಡೆ ಹಿಡಿಯುತ್ತಾರೆಯೇ ಎಂದು ಗಮನಿಸಬೇಕು. ಮೂಲೆಯನ್ನು ನಾವೇ ಪರೀಕ್ಷಿಸಬಹುದು: ಮೂಲೆಯಿಂದ ಒಂದು ಗೋಡೆಯ ಮೇಲೆ 600 ಮಿ.ಮೀ.ಗೆ, ಇನ್ನೊಂದರ ಮೇಲೆ ಅದೇ ಎತ್ತರದಲ್ಲಿ 800 ಮಿ.ಮೀ.ಗೆ ಗುರುತು ಹಾಕಿ ಆ ಎರಡು ಗುರುತುಗಳ ನಡುವೆ ಟೇಪು ಹಿಡಿದಾಗ ಸರಿಯಾಗಿ 1000 ಮಿ.ಮೀ. ಬಂದರೆ ಮೂಲೆ ಸರಿಯಾದ ಲಂಬಕೋನದಲ್ಲಿದೆ. ಹಾಗೆ ಬರುವ ಮೂಲೆಗಳು ಅಪರೂಪ. ವ್ಯತ್ಯಾಸವಿದ್ದ ಕಡೆ ಗೋಡೆಗೂ ಕ್ಯಾಬಿನೆಟ್ಟಿಗೂ ನಡುವೆ ತುಂಬುಪಟ್ಟಿ ಬೇಕಾಗುತ್ತದೆ. ಅದು ನಕ್ಷೆಯಲ್ಲಿ ಕಾಣಿಸದಿದ್ದರೆ ಕೇಳಲೇಬೇಕು. ಹಾಬ್ (ಕೌಂಟರಿನಲ್ಲಿ ಹುದುಗಿಸುವ ಒಲೆ), ಓವನ್, ಪಾತ್ರೆ ತೊಳೆಯುವ ಯಂತ್ರಗಳ ಮಾಡೆಲ್ ಸಂಖ್ಯೆಗಳನ್ನೂ ನಕ್ಷೆ ಅಂತಿಮವಾಗುವ ಮೊದಲೇ ಕೊಡಬೇಕು. ನಕ್ಷೆಗೆ ಸಹಿ ಬಿದ್ದ ಮೇಲೆ ಪ್ರತಿ ಬದಲಾವಣೆಗೂ ಬೆಲೆಯಿರುತ್ತದೆ, ಸಹಜವಾಗಿಯೇ.

ನೀರಿನ ಮತ್ತು ವಿದ್ಯುತ್ತಿನ ಪಾಯಿಂಟುಗಳು ಗೋಡೆ ಮುಚ್ಚುವ ಮೊದಲೇ ಆಗಬೇಕು. ಅದಕ್ಕಾಗಿ ಅದೇ ಅಂತಿಮ ನಕ್ಷೆಯ ಒಂದೊಂದು ಪ್ರತಿಯನ್ನು ಪ್ಲಂಬರ್ ಮತ್ತು ಎಲೆಕ್ಟ್ರಿಷಿಯನ್ ಕೈಗೆ ಕೊಡಬೇಕು. ಕಲ್ಲಿನವರು ಕೌಂಟರಿನ ಅಳತೆ ತೆಗೆಯುವುದು ಕೆಳಗಿನ ಕ್ಯಾಬಿನೆಟ್ಟುಗಳು ಮಟ್ಟಕ್ಕೆ ಕೂತ ಮೇಲೆಯೇ ಸರಿ. ಅಲ್ಲಿಂದ ಕಲ್ಲು ಬರುವವರೆಗೆ ಸಿಂಕು ಇರುವುದಿಲ್ಲ, ಪ್ಲಂಬರ್ ಎರಡನೆಯ ಸಲ ಬರಲೇಬೇಕು. ಆ ಎರಡನೆಯ ಭೇಟಿಯ ಕೂಲಿಯೂ ಮೊದಲೇ ಗೊತ್ತುಮಾಡಿದ್ದರೆ ಒಳ್ಳೆಯದು.

ಸಾಮಾನು ಬಂದ ದಿನ ಎಲ್ಲವನ್ನೂ ಬಿಚ್ಚಿ ನೋಡಲು ಲಾರಿಯವರು ಕಾಯುವುದಿಲ್ಲ. ಪೆಟ್ಟಿಗೆಗಳನ್ನು ಎಣಿಸಿ, ರಸೀದಿಯ ಮೇಲೆ ‘ಒಳಗಿನದನ್ನು ಪರಿಶೀಲಿಸಿಲ್ಲ’ ಎಂದು ಬರೆದು ಸಹಿ ಹಾಕಿ, ಆಮೇಲೆ ತಡಮಾಡದೆ ಬಿಚ್ಚಿ, ಮುಕ್ಕಾಗಿರುವ ಅಂಚುಗಳ ಫೋಟೋ ತೆಗೆದು ಕಳುಹಿಸಬೇಕು. ಶಟರ್, ಅಂದರೆ ಕ್ಯಾಬಿನೆಟ್ಟಿನ ಬಾಗಿಲು, ಅಳತೆ ತಪ್ಪಿ ಬಂದಿದ್ದರೆ ಜೋಡಿಸಲು ಬಂದ ಬಡಗಿಯ ಮೇಲೆ ರೇಗಿ ಪ್ರಯೋಜನವಿಲ್ಲ. ಅವರು ಅದನ್ನು ತಯಾರಿಸಿದವರಲ್ಲ, ಬದಲಿಸಿ ಕೊಡುವ ಅಧಿಕಾರವೂ ಅವರಿಗಿಲ್ಲ. ದೂರು ಬರಹದಲ್ಲಿ ಅಂಗಡಿಗೇ ಹೋಗಬೇಕು. ಹಾಗೆಯೇ ಬಡಗಿಯ ಬಳಿ ಬಾಯಿಮಾತಿನಲ್ಲಿ ಮಾಡಿಸಿಕೊಂಡ ಸಣ್ಣ ಬದಲಾವಣೆಯನ್ನೂ ಅಂದೇ ಅಂಗಡಿಗೆ ತಿಳಿಸಬೇಕು, ಇಲ್ಲವಾದರೆ ವಾರಂಟಿಯ ಮಾತು ಬಂದಾಗ ಅದೇ ನೆಪವಾಗಬಹುದು.

ಹಣದ ಕಂತುಗಳನ್ನು ತಾರೀಖಿಗೆ ಕಟ್ಟಿಹಾಕದೆ, ಕಣ್ಣಿಗೆ ಕಾಣುವ ಕೆಲಸಕ್ಕೆ ಕಟ್ಟುವುದು ಲೇಸು: ನಕ್ಷೆಗೆ ಸಹಿಯಾದಾಗ, ಸಾಮಾನು ಬಂದಾಗ, ಜೋಡಣೆ ಮುಗಿದಾಗ. ಕೊನೆಯ ಕಂತು, ನನ್ನ ಲೆಕ್ಕದಲ್ಲಿ ಒಟ್ಟು ಮೊತ್ತದ ಶೇ. 10ರಷ್ಟಾದರೂ, ಉಳಿದ ಕೆಲಸಗಳ ಪಟ್ಟಿ ಮುಗಿಯುವವರೆಗೆ ನಮ್ಮಲ್ಲಿಯೇ ಇರಲಿ. ಆದರೆ ಇದನ್ನು ಒಪ್ಪಂದದಲ್ಲೇ ಹೇಳಿರಬೇಕು, ಕೊನೆಗೆ ಏಕಾಏಕಿ ತಡೆಹಿಡಿಯುವುದು ನ್ಯಾಯವಲ್ಲ. ಪಟ್ಟಿ ಮಾಡುವಾಗ ಡ್ರಾಯರುಗಳನ್ನು ಭಾರ ತುಂಬಿಯೇ ಎಳೆದು ನೋಡಬೇಕು. ಸಿಂಕನ್ನು ಅಂಚಿನವರೆಗೆ ತುಂಬಿಸಿ ಒಮ್ಮೆಲೇ ಬಿಟ್ಟು, ಕೆಳಗಿನ ಕೊಳವೆಯ ಪ್ರತಿ ಸಂದನ್ನೂ ಒಣ ಕಾಗದದಿಂದ ಒರೆಸಿದರೆ ಕಣ್ಣಿಗೆ ಬೀಳದ ಸೋರಿಕೆಯೂ ಕಾಗದದ ಮೇಲೆ ಕಾಣುತ್ತದೆ. ವಾರಂಟಿ ಕಾಗದಗಳು, ಲ್ಯಾಮಿನೇಟಿನ ಕೋಡ್ ಸಂಖ್ಯೆ ಮತ್ತು ಮಿಕ್ಕ ಒಂದೆರಡು ತುಂಡುಗಳು ಕೈಸೇರಿದ ಮೇಲೆಯೇ ಬಾಕಿ ಚುಕ್ತಾ ಮಾಡಬೇಕು.