ಮಳೆಗಾಲದಲ್ಲಿ ದೂರದ ಸರ್ವರ್‌ಗೆ ಸಾಫ್ಟ್‌ವೇರ್ ಹಾಕಬೇಕಾ? ಉತ್ತರಗಳನ್ನು ಮೊದಲೇ ಕಳಿಸಿಬಿಡಿ

ಮಡಿಕೇರಿಯಲ್ಲಿ ಕೂತು ಗೋಣಿಕೊಪ್ಪ, ಸಿದ್ದಾಪುರ, ಸೋಮವಾರಪೇಟೆಯ ಮೂರು ಕಾಫಿ ತೋಟದ ಆಫೀಸುಗಳ ಸರ್ವರ್ ನೋಡಿಕೊಳ್ಳುತ್ತೇನೆ. ಮೂರರಲ್ಲೂ ಉಬುಂಟು ಲಿನಕ್ಸ್. ಜೂನ್ ಬಂತೆಂದರೆ ಎಲ್ಲೋ ಒಂದು ಮರ ಲೈನಿನ ಮೇಲೆ ಬೀಳುತ್ತದೆ, ಕರೆಂಟ್ ಹೋಗುತ್ತದೆ, ಅದರ ಹಿಂದೆಯೇ ನೆಟ್ ಕೂಡ. ಒಂದು ರಾತ್ರಿ ಸಿದ್ದಾಪುರದ ಮಷೀನಿಗೆ ಮೇಲ್ ಸಾಫ್ಟ್‌ವೇರ್ ಆದ ಪೋಸ್ಟ್‌ಫಿಕ್ಸ್ ಹಾಕುತ್ತಿದ್ದೆ. ನೀಲಿ ಪರದೆ ಬಂತು, ಯಾವ ಥರದ ಮೇಲ್ ಸರ್ವರ್ ಅಂತ ಕೇಳಿತು, ನಾನು ಬಾಣದ ಕೀ ಒತ್ತುವಷ್ಟರಲ್ಲಿ ನೆಟ್ ಹೋಯಿತು. ಮರುದಿನ ಬೆಳಿಗ್ಗೆ ಒಳಗೆ ಹೋಗಿ ನೋಡಿದರೆ ಪ್ಯಾಕೇಜ್ ಅರ್ಧಕ್ಕೇ ನಿಂತಿದೆ, ಸಾಫ್ಟ್‌ವೇರ್ ಹಾಕುವ ಆಪ್ಟ್ ತನ್ನ ಲಾಕ್ ಬಿಟ್ಟಿಲ್ಲ. ಸಿಕ್ಕಿಕೊಂಡ ಪ್ರೋಸೆಸ್ ನಿಲ್ಲಿಸಿ, ಆಪ್ಟ್‌ನ ಕೆಳಗೆ ಪ್ಯಾಕೇಜ್ ಹಾಕುವ ಡಿಪಿಕೆಜಿಗೆ "ಕಾನ್ಫಿಗರ್" ಮತ್ತು "ಎ" ಆಪ್ಷನ್ ಕೊಟ್ಟು ಉಳಿದ ಕೆಲಸ ಮುಗಿಸಬೇಕಾಯಿತು.

ಅಲ್ಲಿಂದ ಈಚೆಗೆ ಇಂಥ ಪ್ರಶ್ನೆಗಳ ಉತ್ತರಗಳನ್ನು ಮೊದಲೇ ಕಳಿಸುತ್ತೇನೆ. ಡೆಬಿಯನ್ ಲಿನಕ್ಸ್, ಅದರಿಂದ ಬಂದ ಉಬುಂಟುವಿನಲ್ಲಿ ಇದಕ್ಕೆ ಡೆಬ್‌ಕಾನ್ಫ್ ಇದೆ. ಪ್ಯಾಕೇಜ್ ಕೇಳುವ ಪ್ರಶ್ನೆ, ನೀವು ಕೊಟ್ಟ ಉತ್ತರ ಎರಡನ್ನೂ ಅದು ತನ್ನ ಡೇಟಾಬೇಸಿನಲ್ಲಿ ಬರೆದಿಡುತ್ತದೆ. (ಕಮಾಂಡ್‌ಗಳನ್ನು ಇಲ್ಲಿ ಓದುವ ಹಾಗೆ ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ.)

ಮೊದಲು ನಿಮ್ಮ ಕೈಗೆ ಸಿಗುವ ಒಂದು ಟೆಸ್ಟ್ ಮಷೀನ್ ಇಟ್ಟುಕೊಳ್ಳಿ. ವರ್ಚುವಲ್ ಆದರೂ ಸಾಕು, ಆದರೆ ವರ್ಷನ್ ಅದೇ ಇರಬೇಕು, ಯಾಕೆಂದರೆ ವರ್ಷನ್ ಬದಲಾದರೆ ಪ್ರಶ್ನೆಗಳೂ ಬದಲಾಗಬಹುದು. ಅದರಲ್ಲಿ ಡೆಬ್‌ಕಾನ್ಫ್-ಯುಟಿಲ್ಸ್ ಹಾಕಿ. ಸಣ್ಣಪುಟ್ಟ ಪ್ರಶ್ನೆಗಳೂ ಬರಲಿ ಅಂತ ಡೆಬಿಯನ್_ಪ್ರಯಾರಿಟಿಯನ್ನು "ಲೋ" ಮಾಡಿ, ಬೇಕಾದ ಪ್ಯಾಕೇಜನ್ನು ಕೈಯಿಂದಲೇ ಹಾಕಿ, ಎಲ್ಲದಕ್ಕೂ ಯೋಚಿಸಿ ಉತ್ತರ ಕೊಡಿ. ಮುಗಿದ ಮೇಲೆ ಉಳಿಸಿಟ್ಟ ಉತ್ತರಗಳನ್ನು ತೋರಿಸುವ ಡೆಬ್‌ಕಾನ್ಫ್-ಗೆಟ್-ಸೆಲೆಕ್ಷನ್ಸ್ ಓಡಿಸಿ, ಬಂದದ್ದರಲ್ಲಿ ಆ ಪ್ಯಾಕೇಜಿನ ಸಾಲುಗಳನ್ನು ಹುಡುಕುವ ಕಮಾಂಡ್ ಗ್ರೆಪ್‌ನಿಂದ ಆರಿಸಿ ಒಂದು ಫೈಲಿಗೆ ಹಾಕಿಕೊಳ್ಳಿ.

ಒಂದು ಸಾಲು ನೋಡಿ:

ಪೋಸ್ಟ್‌ಫಿಕ್ಸ್ ಪೋಸ್ಟ್‌ಫಿಕ್ಸ್/ಮೇನ್_ಮೈಲರ್_ಟೈಪ್ ಸೆಲೆಕ್ಟ್ ಇಂಟರ್ನೆಟ್ ಸೈಟ್

ನಾಲ್ಕು ಭಾಗ. ಪ್ಯಾಕೇಜಿನ ಹೆಸರು, ಪ್ರಶ್ನೆಯ ಹೆಸರು, ಪ್ರಶ್ನೆಯ ಬಗೆ, ಉತ್ತರ. ಬಗೆಗೂ ಉತ್ತರಕ್ಕೂ ನಡುವೆ ಒಂದೇ ಒಂದು ಸ್ಪೇಸ್ ಅಥವಾ ಒಂದೇ ಟ್ಯಾಬ್ ಇರಬೇಕು. ಜಾಸ್ತಿ ಬಿಟ್ಟರೆ ಆ ಸ್ಪೇಸೂ ಉತ್ತರದ ಭಾಗವೇ ಆಗಿಬಿಡುತ್ತದೆ.

ಈಗ ಆ ಫೈಲನ್ನು ತೆರೆದು ಸಾಲು ಸಾಲಾಗಿ ಓದಿ. ಇದನ್ನು ದಯವಿಟ್ಟು ಬಿಡಬೇಡಿ, ಇಡೀ ಕೆಲಸದ ಜೀವ ಇಲ್ಲಿದೆ. ನಾನು ಮೊದಲ ಸಲ ಓದದೆ ಮೂರೂ ಸರ್ವರ್‌ಗೆ ಕಳಿಸಿದ್ದೆ. ಮೇಲ್‌ನೇಮ್ ಸಾಲಿನಲ್ಲಿ ಟೆಸ್ಟ್ ಮಷೀನಿನ ಹೆಸರಿತ್ತು. ಮೂರು ಆಫೀಸಿನ ಎಚ್ಚರಿಕೆ ಮೇಲ್‌ಗಳೂ ಒಂದೇ ಹೆಸರಿನಲ್ಲಿ ಬರತೊಡಗಿದವು, ಡಿಸ್ಕ್ ತುಂಬಿದ್ದು ಗೋಣಿಕೊಪ್ಪದಲ್ಲೋ ಸೋಮವಾರಪೇಟೆಯಲ್ಲೋ ಅಂತ ಗೊತ್ತಾಗಲು ಒಂದೊಂದಕ್ಕೂ ಲಾಗಿನ್ ಆಗಿ ನೋಡಬೇಕಾಯಿತು. ಯಾವ ಹೆಸರಿನ ಮೇಲ್ ಇಲ್ಲೇ ಉಳಿಸಿಕೊಳ್ಳಬೇಕು ಅನ್ನುವ ಡೆಸ್ಟಿನೇಷನ್ಸ್ ಸಾಲಿನಲ್ಲೂ ಅದೇ ಹೆಸರು ಅಡಗಿ ಕೂತಿತ್ತು. ಈಗ ಪೋಸ್ಟ್‌ಫಿಕ್ಸ್‌ಗೆ ಎರಡೇ ಸಾಲು ಇಟ್ಟುಕೊಳ್ಳುತ್ತೇನೆ, ಮೈಲರ್ ಟೈಪ್ ಮತ್ತು ಮೇಲ್‌ನೇಮ್. ಮೇಲ್‌ನೇಮ್ ಜಾಗದಲ್ಲಿ ಒಂದು ಗುರುತು ಹಾಕಿಟ್ಟು, ಕಳಿಸುವ ಮುಂಚೆ ಪದ ಬದಲಿಸುವ ಕಮಾಂಡ್ ಸೆಡ್‌ನಿಂದ ಆಯಾ ಮಷೀನಿನ ಹೆಸರು ತುಂಬುತ್ತೇನೆ.

ಫೈಲ್ ಸರ್ವರ್‌ಗೆ ಹೋದ ಮೇಲೆ ಅದರ ಪರ್ಮಿಷನ್ 600 ಮಾಡಿ, ಅಂದರೆ ಒಡೆಯ ಮಾತ್ರ ಓದಬಹುದು, ತಿದ್ದಬಹುದು. ಉತ್ತರಗಳನ್ನು ಡೇಟಾಬೇಸಿಗೆ ಬರೆಯುವ ಡೆಬ್‌ಕಾನ್ಫ್-ಸೆಟ್-ಸೆಲೆಕ್ಷನ್ಸ್ ಅನ್ನು ಮೊದಲು "ಚೆಕ್‌ಓನ್ಲಿ" ಆಪ್ಷನ್ ಜೊತೆ ಓಡಿಸಿ. ಅದು ಬರೆದ ರೀತಿ ಸರಿಯಿದೆಯಾ ಅಂತ ಮಾತ್ರ ನೋಡುತ್ತದೆ, ಏನನ್ನೂ ಸೇವ್ ಮಾಡುವುದಿಲ್ಲ. ಆಮೇಲೆ ಆಪ್ಷನ್ ತೆಗೆದು ನಿಜವಾಗಿ ಓಡಿಸಿ. ಇದೆಲ್ಲ ಪ್ಯಾಕೇಜ್ ಹಾಕುವ ಮುಂಚೆ ಆಗಬೇಕು. ಒಮ್ಮೆ ಹಾಕಿದ ಮೇಲೆ ಎಷ್ಟೋ ಪ್ಯಾಕೇಜ್‌ಗಳು ತಮ್ಮ ಕಾನ್ಫಿಗ್ ಫೈಲಿನಲ್ಲಿ ಇರುವುದನ್ನೇ ನಂಬುತ್ತವೆ, ನಿಮ್ಮ ಉತ್ತರವನ್ನಲ್ಲ.

ಮುಂದೆ ಡೆಬಿಯನ್_ಫ್ರಂಟ್‌ಎಂಡ್ ಅನ್ನು "ನಾನ್‌ಇಂಟರಾಕ್ಟಿವ್" ಮಾಡಿ ಆಪ್ಟ್-ಗೆಟ್ ಓಡಿಸುವುದು. ಈ ವೇರಿಯಬಲ್ ಅನ್ನು ಸುಡೋ (ಅಡ್ಮಿನ್ ಅಧಿಕಾರದಲ್ಲಿ ಓಡಿಸುವ ಕಮಾಂಡ್) ಪದದ ನಂತರ, ಅದೇ ಸಾಲಿನಲ್ಲಿ ಬರೆಯಿರಿ. ಮೊದಲೇ ಎಕ್ಸ್‌ಪೋರ್ಟ್ ಮಾಡಿಟ್ಟರೆ ಸಾಮಾನ್ಯವಾಗಿ ಸುಡೋ ಅದನ್ನು ಒಳಗೆ ಬಿಡುವುದಿಲ್ಲ. ಇನ್ನೊಂದು ಮಾತು, ಕೆಲವರು ಉತ್ತರದ ಫೈಲೇ ಇಲ್ಲದೆ ಸುಮ್ನೆ ನಾನ್‌ಇಂಟರಾಕ್ಟಿವ್ ಹಾಕಿಬಿಡುತ್ತಾರೆ. ಆಗ ಅದು ಕೇಳದೆಯೇ ಡಿಫಾಲ್ಟ್ ಉತ್ತರ ತೆಗೆದುಕೊಳ್ಳುತ್ತದೆ. ನಮಗೆ ಬೇಕಾದ್ದು ಅದಲ್ಲ, ಅಲ್ವಾ?

ಕಾನ್ಫಿಗ್ ಫೈಲ್ ಬದಲಾಗಿದೆ, ಹಳೆಯದು ಇಟ್ಟುಕೊಳ್ಳಲಾ ಹೊಸದು ಹಾಕಲಾ ಅಂತ ಬರುವ ಪ್ರಶ್ನೆ ಸಾಮಾನ್ಯವಾಗಿ ಡೆಬ್‌ಕಾನ್ಫ್‌ದಲ್ಲ, ಡಿಪಿಕೆಜಿಯದು. ಅದಕ್ಕೆ ಉತ್ತರದ ಫೈಲ್ ಕೆಲಸಕ್ಕೆ ಬಾರದು. ಆಪ್ಟ್-ಗೆಟ್ ಮೂಲಕ ಡಿಪಿಕೆಜಿಗೆ "ಫೋರ್ಸ್-ಕಾನ್ಫ್‌ಡೆಫ್", "ಫೋರ್ಸ್-ಕಾನ್ಫ್‌ಓಲ್ಡ್" ಎರಡೂ ದಾಟಿಸಿ. ಆಗ ನೀವು ತಿದ್ದಿದ ಹಳೆ ಫೈಲ್ ಹಾಗೇ ಉಳಿಯುತ್ತದೆ.

ರೆಡ್ ಹ್ಯಾಟ್ ಲಿನಕ್ಸ್ ಕಡೆಯವರಿಗೆ ಈ ತೊಂದರೆ ಕಡಿಮೆ. ಆರ್‌ಪಿಎಂ ಪ್ಯಾಕೇಜ್‌ಗಳು ಹಾಕುವಾಗ ಪ್ರಶ್ನೆ ಕೇಳುವುದಿಲ್ಲ. ಇಡೀ ಸಿಸ್ಟಮ್ ಹಾಕಲು ಕಿಕ್‌ಸ್ಟಾರ್ಟ್ ಇದೆ, ನೀವು ಕೈಯಿಂದ ಹಾಕಿದಾಗ ಕೊಟ್ಟ ಉತ್ತರಗಳು ರೂಟ್ ಬಳಕೆದಾರನ ಹೋಮ್ ಡೈರೆಕ್ಟರಿಯ ಅನಕೊಂಡ-ಕೆಎಸ್ ಫೈಲಿನಲ್ಲಿ ಸಿಗುತ್ತವೆ. ಹಳೆ ಯುನಿಕ್ಸ್ ಆದ ಸೊಲಾರಿಸ್‌ನಲ್ಲಿ ಪಿಕೆಜಿಆಸ್ಕ್ ಉತ್ತರ ಬರೆದುಕೊಡುತ್ತದೆ, ಪಿಕೆಜಿಆಡ್ ಅದನ್ನು ಓದಿಕೊಳ್ಳುತ್ತದೆ. ಯಾವುದೋ ಕಂಪನಿಯ ಇನ್‌ಸ್ಟಾಲರ್ ತನ್ನದೇ ದಾರಿಯಲ್ಲಿ ಪ್ರಶ್ನೆ ಕೇಳಿದರೆ ಮೊದಲು ಅದಕ್ಕೇ ರೆಸ್ಪಾನ್ಸ್ ಫೈಲ್ ಇದೆಯಾ ನೋಡಿ. ಇಲ್ಲದಿದ್ದರೆ ಆಟೋಎಕ್ಸ್‌ಪೆಕ್ಟ್. ನೀವು ಒತ್ತಿದ್ದೆಲ್ಲ ಸ್ಕ್ರಿಪ್ಟ್ ಆಗುತ್ತದೆ, ಪಾಸ್‌ವರ್ಡ್ ಕೂಡ, ಹಾಗಾಗಿ ಅದನ್ನು ಕಂಡಕಂಡಲ್ಲಿ ಇಡಬೇಡಿ.

ನಮ್ಮ ಮಳೆಗೆ ಇನ್ನೆರಡು ಕೆಲಸ ಬೇಕು. "ಡೌನ್‌ಲೋಡ್-ಓನ್ಲಿ" ಕೊಟ್ಟು ಪ್ಯಾಕೇಜ್‌ಗಳನ್ನು ಮೊದಲು ಇಳಿಸಿಕೊಳ್ಳಿ. ನಂತರ ಇನ್‌ಸ್ಟಾಲ್ ಅನ್ನು ನೆಟ್ ಕಡಿದರೂ ಸರ್ವರ್‌ನಲ್ಲಿ ಕೆಲಸ ಮುಂದುವರಿಸುವ ಟಿಮಕ್ಸ್ ಒಳಗೆ, ಲಾಗ್ ಒಂದು ಫೈಲಿಗೆ ಹೋಗುವ ಹಾಗೆ ಓಡಿಸಿ. ತೋಟದ ಸರ್ವರ್ ಮುಟ್ಟುವ ಮುಂಚೆ ಇನ್ನೊಂದು ಹೊಸ ಟೆಸ್ಟ್ ಮಷೀನಿನಲ್ಲಿ ಇದನ್ನೇ ಶುರು ಮಾಡಿ, ನಡುವೆ ನೆಟ್ ಕೇಬಲ್ ಕಿತ್ತುಬಿಡಿ. ಐದು ನಿಮಿಷ ಬಿಟ್ಟು ಸಿಕ್ಕಿಸಿ, ಲಾಗಿನ ಕೊನೆ ಸಾಲು ನೋಡಿ, ಡೆಬ್‌ಕಾನ್ಫ್-ಶೋ ಹಾಕಿ ನಿಮ್ಮ ಉತ್ತರಗಳೇ ಕೂತಿವೆಯಾ ನೋಡಿ. ಕೂತಿದ್ದರೆ ಸಿದ್ದಾಪುರಕ್ಕೆ ಕಳಿಸಬಹುದು.